ಎರಡನೇ ಬೇಸಿನ ಹತ್ತಿರ

ನಾನು ಜಾರಿ ಬಿದ್ದದ್ದು ಮುಳಬಾಗಿಲ ಹೈಸ್ಕೂಲು ಮೈದಾನದಲ್ಲಿ.
ಮರಳು ತುಂಬಿದ ಸಿಮೆಂಟು ಚೀಲವೇ ಎರಡನೇ ಬೇಸು.
ಧೂಳು ಇಳಿಯುವ ಮೊದಲೇ
ಅಂಪೈರು ಬೈರಾರೆಡ್ಡಿ ಸರ್ ಮುಷ್ಟಿ ಎತ್ತಿದರು:
ಔಟ್.

ನಮ್ಮ ಬೆಂಚಿನಿಂದ ಕೂಗು ಎದ್ದಿತು.
ಅಮರಾವತಿ ಮೇಡಂ ಅಂಗೈಯಲ್ಲೇ ಅದನ್ನು ಕೂರಿಸಿ,
ಟೈಮ್ ಕೇಳಿ, ಟೋಪಿ ತೆಗೆದು ಕಂಕುಳಲ್ಲಿಟ್ಟು
ಸುಣ್ಣದ ಗೆರೆ ತುಳಿಯದೆ ನಡೆದು ಬಂದರು.

"ನೀವು ನಿಂತ ಕಡೆಯಿಂದ, ಸರ್,
ಕಾಲು ಮೊದಲು ಕಂಡಿತೋ, ಚೆಂಡೋ?"
ಶ್ರೀನಿವಾಸಪುರದ ಬಸ್ಸು ಹೋಯ್ತಾ
ಎಂದು ಕೇಳುವ ದನಿ, ಅಷ್ಟೇ.

ಅವರು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು.
"ಚೆಂಡು, ಮೇಡಂ."
"ಸರಿ ಸರ್." ಟೋಪಿ ಮತ್ತೆ ತಲೆಗೆ.

ನನ್ನ ಬೆನ್ನಿನ ಮಣ್ಣು ಕೊಡವುತ್ತ
ಮೆಲ್ಲಗೆ ಕೇಳಿದರು:
"ನಿಂಗೇನು ಕಂಡಿತು, ಮುನಿಲಕ್ಷ್ಮಿ?"

ಬಾಯಿ ತುಂಬ ಧೂಳು.
ಚೀಲ ಇನ್ನೂ ಗೇಣು ದೂರವಿತ್ತು ಆಗ.