ವ್ಯತ್ಯಾಸ: ಸೊನ್ನೆ

ಐಲಿ ರೌಟಿಯೊ ತೀರಿಕೊಂಡ ಮೇಲೆ
ಶೂ ಡಬ್ಬ, ರಬ್ಬರ್ ಬ್ಯಾಂಡು, ಹದಿನಾಲ್ಕು ವರ್ಷದ ವಹಿ
ನನ್ನ ಅಡುಗೆಮನೆಯ ಮೇಜಿಗೆ ಬಂದವು.
ಸಭೆಗೆ ಬಂದಿದ್ದವರು ಐದೇ ಜನ. ಕಾಫಿ ತರಲೆಂದು ಎದ್ದಿದ್ದೆ;
ಮರಳಿ ಕೂರುವಷ್ಟರಲ್ಲಿ ನಾನು ಖಜಾಂಚಿ.

ಹುಡುಗರ ಐಸ್ ಹಾಕಿಗೆ ಶಾಲೆ ಕೊಡುವುದು
ಒಂದು ರಿಂಕು, ಒಬ್ಬ ಕೋಚು, ಮತ್ತೆ ಶುಭಾಶಯ.
ಮಿಕ್ಕದ್ದೆಲ್ಲ ನಮ್ಮ ತಲೆಗೆ: ಬಸ್ಸಿನ ಡೀಸೆಲ್ಲು,
ಗೋಲಿಯ ಕಾಲಿನ ಪ್ಯಾಡು,
ಡುಲೂತ್‌ನಲ್ಲಿ ಸೋತ ರಾತ್ರಿಯ ಪಿಜ್ಜಾ.
ಅಜ್ಜಂದಿರು ತಾಮ್ರದ ಗಣಿಗೆ ಒಯ್ಯುತ್ತಿದ್ದ ಬುತ್ತಿ, ಪ್ಯಾಸ್ಟಿ,
ಅದನ್ನೇ ಚರ್ಚಿನ ನೆಲಮಾಳಿಗೆಯಲ್ಲಿ ಬೇಯಿಸುತ್ತೇವೆ,
ಗೆಡ್ಡೆ ಹೆಚ್ಚಿ ಹೆಚ್ಚಿ ಬೆರಳೆಲ್ಲ ಹಳದಿ,
ಒಂದಕ್ಕೆ ಏಳು ಡಾಲರು.
ರಿಂಕಿನ ಬಾಗಿಲಲ್ಲಿ ಕೋಕೊ, ಲೋಟಕ್ಕೆ ಒಂದೂಕಾಲು.

ಮೊದಲ ಶನಿವಾರ ಹನ್ನೊಂದು ಡಾಲರು ಕಡಿಮೆ.
ಎರಡನೆಯ ವಾರ ನಾಲ್ಕೂಕಾಲು.
ಆಮೇಲೆ ಇಪ್ಪತ್ತು.
ಮತ್ತೆ ಎಣಿಸಿದೆ. ಗಂಡ ಎಣಿಸಿದ.
ಕಳ್ಳತನವಲ್ಲ. ಮರಗಟ್ಟಿದ ಕೈ
ಕೈಗವಸಿನಲ್ಲೇ ಚಿಲ್ಲರೆ ಕೊಡುತ್ತದೆ, ನೋಟಿಗೆ ನೋಟು ಅಂಟಿಕೊಂಡು ಹೋಗುತ್ತದೆ,
ಆ ಲೆಹ್ಟೊ ಮನೆಯ ಹುಡುಗನ ಹತ್ತಿರ ಯಾರೂ ದುಡ್ಡು ಕೇಳುವುದಿಲ್ಲ.

ಹಾಗಾದರೆ ಐಲಿಗೆ?
ವಹಿ ತಿರುವಿದೆ. ನೀಲಿ ಶಾಯಿ, ಇರುವೆ ಸಾಲಿನಂಥ ಅಂಕಿ,
ಪ್ರತಿ ಪುಟದ ಬುಡದಲ್ಲೂ ಅದೇ ಮಾತು:
ವ್ಯತ್ಯಾಸ, ಸೊನ್ನೆ.
ಹದಿನಾಲ್ಕು ಚಳಿಗಾಲ. ಒಂದು ಸೆಂಟು ಆಚೆಯಿಲ್ಲ, ಈಚೆಯಿಲ್ಲ.
ಇಷ್ಟು ಸರಿಯಿರುವ ಲೆಕ್ಕ
ಸರಿಯಿರಲು ಸಾಧ್ಯವೇ ಇಲ್ಲ.

ಶಾಲೆಯ ಊಟದ ಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದವಳು.
ಹಾಕಿ ಆಡುವ ಮಗನೂ ಇರಲಿಲ್ಲ.
ಬಾಯಿ ಬಿಟ್ಟ ಬೂಟಿಗೆ ಟೇಪು ಸುತ್ತಿಕೊಂಡು ಬರುತ್ತಿದ್ದಳು;
ಜಿಪುಣಿ ಅಂತ ನಕ್ಕಿದ್ದೆವು.
ನಾನೂ.

ನಾಳೆ ಲೆಕ್ಕ ನೋಡಲು ವೆಂಡೆಲ್ ಬರುತ್ತಾನೆ.
ಈ ವಾರ ಒಂಬತ್ತೂವರೆ ಕೈ ಕಚ್ಚಿದೆ.
ಪರ್ಸು ತೆರೆದೆ. ಮುಚ್ಚಿದೆ. ಬರೆದೆ:
ವ್ಯತ್ಯಾಸ, ಒಂಬತ್ತು ಡಾಲರು ಐವತ್ತು ಸೆಂಟು.
ಕಾರಣ, ಚಳಿ.

ಇನ್ನು ಉಳಿದದ್ದು ಗೋಡೆಗೆ ಹಚ್ಚುವ ದಾನಿಗಳ ಪಟ್ಟಿ.
ಮೊತ್ತದ ಪ್ರಕಾರ ಹೆಸರು ಜೋಡಿಸುವುದು ಇಲ್ಲಿಯ ರೂಢಿ:
ಬ್ಯಾಂಕು ಮೇಲೆ, ಟೈರ್ ಅಂಗಡಿ ಆಮೇಲೆ,
ದಂತವೈದ್ಯ ಸಾರಿನೆನ್ ಕೆಳಗೆ.
ಐಲಿಯ ಹೆಸರು ಬರೆದ ಚೀಟಿ ಕೈಯಲ್ಲಿ ಹಿಡಿದು
ಮೇಲಿಂದ ಕೆಳಗೆ, ಕೆಳಗಿಂದ ಮೇಲೆ
ಸರಿಸುತ್ತ ಕೂತಿದ್ದೇನೆ.
ಗಂಡ ದೀಪ ಆರಿಸು ಅನ್ನುತ್ತಿದ್ದಾನೆ.