ಮೂರನೇ ಸೂಜಿ

ಪೋಲೆಂಡಿನ ವೂಚ್‌ನಲ್ಲಿ ಕೆಂಪು ಇಟ್ಟಿಗೆಯ ಹಳೇ ಗಿರಣಿ.
ಹತ್ತಿಯ ದೂಳು ಇನ್ನೂ ತೊಲೆಗಳ ಸಂದಿಯಲ್ಲಿದೆ ಅನ್ನುತ್ತಾರೆ;
ಮೂರನೇ ಮಹಡಿಗೆ ಮಾತ್ರ ಈಗ ದೂಳಿಗೆ ಪ್ರವೇಶವಿಲ್ಲ.
ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ
ಮೂರು ಸೂಜಿಗಳ ಒಂದು ಯಂತ್ರ,
ಅದರ ಮುಂದೆ ಯಾಗೊದಾ, ತಲೆಗೆ ನೀಲಿ ಟೊಪ್ಪಿ,
ಬೆಳಗಿನಿಂದ ಬರೀ ಕಾಫಿ.

ಮೊದಲ ಸೂಜಿಯಲ್ಲಿ ಗಟ್ಟಿ ಅಂಟು, ಮನೆಗೆ ಕಂಬವಿದ್ದಂತೆ.
ಎರಡನೆಯದರಲ್ಲಿ ಕಡಲ ಪಾಚಿಯ ಲೋಳೆ,
ಲೋಳೆಯಲ್ಲಿ ಜೀವಕೋಶ, ಹನಿಗೆ ಲಕ್ಷ,
ಒಂದಕ್ಕೂ ಹೆಸರಿಲ್ಲ, ಎಲ್ಲಕ್ಕೂ ಹಸಿವು.
ಮೂರನೆಯದು ವಿಚಿತ್ರ.
ಬಿಸಿಗೆ ಗಟ್ಟಿ, ತಂಪಿಗೆ ನೀರು,
ಬೆಣ್ಣೆಯ ಗುಣವನ್ನು ಯಾರೋ ತಿರುವಿ ಹಾಕಿದಂತೆ.
ಅದು ಉಳಿಯಲು ಬಂದದ್ದಲ್ಲ.
ಬಲಿ ಮಸಿ ಅನ್ನುತ್ತಾರೆ ಲ್ಯಾಬಿನಲ್ಲಿ.
ಯಾಗೊದಾಗೆ ಆ ಹೆಸರು ಹಿಡಿಸದು:
"ಬಲಿ ಅಂದರೆ ಯಾರಾದರೂ ಕತ್ತಿ ಹಿಡಿದಿರಬೇಕು.
ಇದು ತಾನೇ ಎದ್ದು ಹೋಗುತ್ತದೆ,
ಊಟ ಮುಗಿಸಿದ ನೆಂಟನ ಹಾಗೆ."

ಕಿವಿಯನ್ನು ಮುದ್ರಿಸುತ್ತಿದ್ದರು ಎಂದು ಬರೆದಿದ್ದರೆ
ಕತೆಗೆ ಚೆನ್ನಾಗಿತ್ತು. ಇವಳ ಅಜ್ಜಿಗೆ ಕಿವಿ ಕೇಳಿಸದು.
ಆದರೆ ಅದು ಕಿವಿಯಲ್ಲ.
ನಾಲ್ಕಾಣೆ ಅಗಲದ ಯಕೃತ್ತಿನ ತುಣುಕು,
ಯಾರ ಮೈಗೂ ಸೇರುವುದಿಲ್ಲ;
ಹೊಸ ಔಷಧಿಯಲ್ಲಿ ವಿಷವೆಷ್ಟೆಂದು
ಕುಡಿದು ನೋಡಿ ಹೇಳುವುದಷ್ಟೆ ಅದರ ಕೆಲಸ.
ಹತ್ತೊಂಬತ್ತು ಸಲ ಸತ್ತಿದೆ.
ಅಂಚು ಬದುಕುತ್ತದೆ, ನಡು ಸಾಯುತ್ತದೆ,
ಕೊನೆಯ ಪಂಕ್ತಿಗೆ ಮುಟ್ಟುವ ಮೊದಲೇ
ಅನ್ನ ಮುಗಿದ ಮದುವೆಮನೆ.

ಲೆಯೊಕಾದಿಯಾ ಬಂದದ್ದು ಇಪ್ಪತ್ತನೆಯದಕ್ಕೆ.
ಇದೇ ಮಹಡಿಯಲ್ಲಿ ಇಪ್ಪತ್ತಾರು ವರ್ಷ ಮಗ್ಗ ನೋಡಿಕೊಂಡವಳು;
ಮಗ್ಗಗಳ ಗದ್ದಲ ಎರಡೂ ಕಿವಿಯನ್ನು ತಿಂದು ಹಾಕಿತ್ತು.
ತುಟಿ ಓದಿ ಜಗಳಾಡಿದಳು, ತುಟಿ ಓದಿ ಮದುವೆಯಾದಳು,
ಗಂಡ ಮೀಸೆ ಬಿಟ್ಟಾಗ ಎರಡು ವರ್ಷ ಮಾತು ಬಿಟ್ಟಳು.

"ನಿನ್ನ ಮಗ್ಗ ತೋರಿಸು" ಅಂದಳು.
ಮಗ್ಗವಲ್ಲಜ್ಜಿ ಅಂದರೆ ಒಪ್ಪಳು.
ಅವರ ಭಾಷೆಯಲ್ಲಿ ಬಟ್ಟೆಗೂ ಇದಕ್ಕೂ ಒಂದೇ ಬೇರು, ನೇಯುವುದು.
ನಾವಾದರೋ ಅಂಗಾಂಶ ಅಂದೆವು, ಅಂಗದಲ್ಲೊಂದು ಪಾಲು,
ಆಸ್ತಿ ಹಿಸೆಯಾದ ಅಣ್ಣತಮ್ಮಂದಿರ ಹಾಗೆ.

ಮುದುಕಿ ಗಾಜಿನೊಳಗೆ ಇಣುಕಲಿಲ್ಲ.
ಕೈಚೀಲ ಕೆಳಗಿಟ್ಟು ಮೇಜಿನ ಮೇಲೆ ಅಂಗೈ ಊರಿದಳು,
ಮಗುವಿನ ಜ್ವರ ನೋಡುವವಳಂತೆ.
ಸೂಜಿಗಳು ಬಂದವು, ಹೋದವು.
ಒಂದು, ಎರಡು, ಮೂರು. ಒಂದು, ಎರಡು, ಮೂರು.
"ಮೂರನೆಯವನು ಎಡವುತ್ತಾನೆ.
ಐದು ಹೆಜ್ಜೆಗೊಮ್ಮೆ ಉಸಿರು ಹಿಡಿಯುತ್ತಾನೆ."

ಪರದೆಯ ಮೇಲೆ ಒತ್ತಡ ಸರಿ, ವೇಗ ಸರಿ.
ಯಾಗೊದಾ ನಕ್ಕಳು. ಆಮೇಲೆ ನಗಲಿಲ್ಲ.
ಸೂಜಿ ಬಿಚ್ಚಿ ಸೂಕ್ಷ್ಮದರ್ಶಕಕ್ಕೆ ಹಿಡಿದರೆ
ತುದಿಯಲ್ಲೊಂದು ಒಣಗಿದ ಹರಳು,
ಸಾಸಿವೆಯ ಸಿಪ್ಪೆಗಿಂತ ಸಣ್ಣದು.
ಹೊರಟುಹೋಗಬೇಕಾದವನ ದಾರಿ
ಅಷ್ಟಷ್ಟು ದೂರಕ್ಕೊಮ್ಮೆ ಕಡಿದುಹೋಗುತ್ತಿತ್ತು.

ಮತ್ತೆ ಮುದ್ರಿಸಿ ತಂಪಿಗಿಟ್ಟರು.
ಮಸಿ ಕರಗಿ ಸದ್ದಿಲ್ಲದೆ ಇಳಿದುಹೋಯಿತು.
ಉಳಿದದ್ದು ಅದು ಇದ್ದ ಜಾಗ,
ಕೂದಲೆಳೆಯಷ್ಟು ಟೊಳ್ಳು, ಕವಲು, ಕವಲಿಗೆ ಕವಲು,
ಅದರೊಳಗೆ ಹರಿಯುವ ಗುಲಾಬಿ ಬಣ್ಣದ ಊಟ.
ನಾಲ್ಕನೆಯ ದಿನ ನಟ್ಟನಡುವೆ ಹಸಿರು ಚುಕ್ಕೆಗಳು
(ಅಲ್ಲಿ ಬದುಕಿದ್ದು ಹಸಿರು, ಸತ್ತದ್ದು ಕೆಂಪು).
ಎಲ್ಲವೂ ಅಲ್ಲ. ಅರ್ಧಕ್ಕಿಂತ ತುಸು ಹೆಚ್ಚು.

ಯಾಗೊದಾ ತಾರೀಖು ಬರೆದಳು,
ಉಷ್ಣತೆ, ಒತ್ತಡ, ಸೂಜಿಯ ವ್ಯಾಸ.
ದೋಷ ಪತ್ತೆಯಾದದ್ದು ಯಾವುದರಿಂದ ಎಂಬಲ್ಲಿ
ಪೆನ್ನು ತುಸು ಹೊತ್ತು ನಿಂತು,
ಅಂಗೈ, ಅಂತ ಬರೆಯಿತು.

ಅಜ್ಜಿ ಆವತ್ತು ಹೊರಡುವಾಗ ಕೇಳಿದ್ದು ಒಂದೇ:
"ದಿನಕ್ಕೆ ಎಷ್ಟು ಮೀಟರ್?"
ಮುಖಗವಸು ಕೆಳಗೆಳೆದು, ತುಟಿ ಬಿಡಿಸಿ ಬಿಡಿಸಿ
ಎರಡು ಸೆಂಟಿಮೀಟರ್ ಅಂದಳು ಮೊಮ್ಮಗಳು.
"ನಮ್ಮನ್ನಾಗಿದ್ದರೆ
ಮಧ್ಯಾಹ್ನದೊಳಗೆ ಕೆಲಸದಿಂದ ತೆಗೆಯುತ್ತಿದ್ದರು."