ಮೂರನೇ ಸಾಲಿನ ಉಸಿರು

"ಕಾಕಾ, ಮೂರನೇ ಸಾಲಿನ್ಯಾಗ ನಡು ಮುರೀತೀರಿ"
ಅಂದ್ಳು ಸುಗಲಾ, ಎಲ್ಲಾರ ಎದುರಿಗೇ.
ದುಧನಿಯ ಅಡತಿ ಅಂಗಡಿ, ಖಾಲಿ ಗೋದಾಮು,
ತೊಗರಿ ಧೂಳಿನ ಮ್ಯಾಲ ನಮ್ಮ ಹನ್ನೊಂದು ಕುರ್ಚಿ.
ಖಾಜಾ ಟ್ರಂಪೆಟ್ಟಿನ ಉಗುಳು ಝಾಡಿಸಿ ಝಾಡಿಸಿ
ಕೇಳಿಸಲೇ ಇಲ್ಲ ಅನ್ನೂವಂಗ ಕುಂತ.
ಅಂಬಾದಾಸ ಮಾತ್ರ, ಢೋಲಿನ ಹಗ್ಗ ಬಿಗೀತಾ,
ನನ್ನ ಮಾರಿ ನೋಡಿದ.

ಹದಿನೆಂಟು ವರ್ಷ ಆತು ಆ ಸೋಲೊ ನಂದಾಗಿ.
ಹೆಣ್ಣು ಕಳಿಸೂ ಹೊತ್ತಿಗಿ ಎಲ್ಲಾ ವಾದ್ಯ ಸುಮ್ಮನಾಗಿ
ಒಂದು ಕ್ಲಾರಿನೆಟ್ ಮಾತ್ರ ಜೀಪಿನ ಬಾಗಲಾ ತನಕ ಹೋಗತದ.
ಎಷ್ಟು ತಾಯಂದಿರು ನನ್ನ ತೋಳಿಗಿ ಹಣಿ ಹಚ್ಚಿ ಅತ್ತಾರ,
ಒಬ್ಬಾಕಿನೂ ಅಂದಿಲ್ಲ, ನಡು ಮುರೀತು ಅಂತ.

ಇಕಿ ಅಂತಾಳ.
ಇಕೀನ ಹೆಗಲ ಮ್ಯಾಲ ಹೊತ್ತು
ಮೈಂದರ್ಗಿ ವರಾತಿಯೊಳಗ ಕುಣಿದಾಂವ ನಾ.
ಇಕಿ ಬಾಯಾಗಿನ ಪೆಪ್ಪರಮೆಂಟ್ ನನ್ನ ಟೊಪ್ಪಿಗಿಗಿ ಅಂಟಿ
ಜರಿ ಕಿತ್ತು ಹೋಗಿತ್ತು.

"ಅದು ನಿಮ್ಮಪ್ಪನ ಜಾಗಾ, ಸುಗಲಾ" ಅಂದೆ.
"ಗುರುಶಾಂತ ಮಾಸ್ತರ ಅಲ್ಲೇ ನಿಲ್ತಿದ್ರು.
ಆ ನಿಲುಗಡಿ ಸಲಾಗೇ ಮಂದಿ ಅಳತಿತ್ತು.
ನಾ ಏನೂ ಕೂಡಿಸಿಲ್ಲ, ಏನೂ ಕಳದಿಲ್ಲ."

ಅಕಿ ವಹಿ ಮುಚ್ಚಿದ್ಳು. ತಡಾ ಮಾಡಿ ಹೇಳಿದ್ಳು:
"ಅಪ್ಪ ನಿಲ್ತಿದ್ದಿಲ್ಲ ಕಾಕಾ. ಅವಗ ಸಾಗತಿದ್ದಿಲ್ಲ.
ಸೊಲ್ಲಾಪುರ ಗಿರಣಿಯ ಅರಳಿ ಫುಪ್ಪುಸದಾಗ ಕುಂತಿತ್ತು.
ರಾತ್ರಿ ಬೆನ್ನು ತಿಕ್ಕತಿದ್ದಾಕಿ ನಾ,
ನನಗ ಗೊತ್ತದ ಆ ಉಸಿರು ಎಲ್ಲಿಂದ ಬರತಿತ್ತು ಅಂತ.
ನಿಮ್ಮ ಎದಿ ಗಟ್ಟಿ ಅದ. ನಿಮಗ್ಯಾಕ ಆ ದಮ್ಮು?"

ಉತ್ತರ ನನ್ನ ಹಂತ್ಯಾಕ ಇದ್ದಿಲ್ಲ.
ರೀಡು ಬಿಚ್ಚಿ, ಒರಸಿ, ಡಬ್ಬ್ಯಾಗಿಟ್ಟೆ,
ಗಡಿಯಾರ ರಿಪೇರಿ ಮಾಡವರಂಗ ಸಾವಕಾಶ.
ದಾರ್ಯಾಗ ಬೈದೆ. ಅಕೀನ ಬೈದೆ, ಅಕಿ ಕಲಿತ ಕಾಲೇಜಿಗಿ ಬೈದೆ,
ರೇಲ್ವೆ ಗೇಟು ಹಾಕಿದಾಂವಗೂ ಬೈದೆ.
ಮಾಲಗಾಡಿ. ನಲವತ್ತೆರಡು ಡಬ್ಬಿ. ಎಣಿಸಿದೆ.
ಎಣಿಸೂತನಾ ಉಸಿರು ಹಿಡದಿದ್ದೆ ಅನ್ನೂದು
ಗಾಡಿ ದಾಟಿದ ಮ್ಯಾಲ ತಿಳೀತು.

ಹದಿನೈದು ದಿನ, ಮಂದಿ ಮಲಗಿದ ಮ್ಯಾಲ,
ಸೊಲ್ಲಾಪುರ ಚಾದರ ಹೊದ್ದು ಒಳಗೊಳಗೇ ಊದಿದೆ.
ಮೂರನೇ ಸಾಲಿಗಿ ಬಂದ ಕೂಡಲೇ
ಹೇಳದ ಕೇಳದ ಭುಜ ಏಳತದ,
ತುಟಿ ಬಿಡತದ, ಗಾಳಿ ಒಳಗ ಬರತದ.
ಸತ್ತ ಮನಷಾನ ಕೆಮ್ಮು
ನನ್ನ ಎದ್ಯಾಗ ಬಾಡಿಗಿಗಿ ಅದ,
ಖಾಲಿ ಮಾಡು ಅಂದ್ರ ಮಾಡಲೊಲ್ದು.
ಒಮ್ಮೆರೆ ಹೇಳಬಾರದಿತ್ತಾ ಮಾಸ್ತರ?
ಹ್ಯಾಂಗ ಹೇಳ್ಯಾರು.
ಕೆಮ್ಮೂ ಮಾಸ್ತರಗ ಲಗ್ನದ ಸುಪಾರಿ ಯಾರು ಕೊಡತಾರ.

ಬುಧವಾರ ಅಕ್ಕಲಕೋಟ್ಯಾಗ ಲಗ್ನ. ಸಂಜಿ ಐದು.
ಹುಡಿಗಿ ಗಾಡಿ ತನಕ ಬಂದ್ಳು, ಒಂದು ಚಪ್ಪಲಿ ಕಳದಿತ್ತು,
ಹುಡುಕೂದು ನಡದಿತ್ತು.
ಸುಗಲಾ ಕೈ ಇಳಿಸಿದ್ಳು. ಎಲ್ಲಾ ಸುಮ್ಮ.
ನಾ ಎತ್ತಿಕೊಂಡೆ.
ಒಂದನೇ ಸಾಲು. ಎರಡನೇದು.
ಮೂರನೇದರ ನಡುವ ಮಾಲಗಾಡಿ ನೆನಸಿದೆ,
ಡಬ್ಬಿ ಎಣಿಸಿಕೋತ ದಾಟಿದೆ.

ಆಗ ಕಣ್ಣಿಗಿ ಬಿತ್ತು:
ಬರೋಬ್ಬರಿ ಆ ಜಾಗಾಕ್ಕ
ಸುಗಲಾನ ಭುಜ ಎದ್ದು ಇಳದವು.
ನಾ ತಗೊಳ್ಳದ ಉಸಿರು
ಅಕಿ ತಗೊಂಡಿದ್ಳು.

ಚಪ್ಪಲಿ ಸಿಕ್ಕಿತು. ಗಾಡಿ ಹೋತು.
ಯಾರರೆ ಅತ್ತರೋ ಇಲ್ಲೋ ನಾ ನೋಡಲಿಲ್ಲ.
ಟೆಂಪೊದಾಗ ಢೋಲು ಏರಿಸೂವಾಗ ಬಾಜೂಕ ಬಂದು
"ಕಡೀ ಸುರ ಕೆಳಗ ಬಿತ್ತು, ಕಾಕಾ" ಅಂದ್ಳು,
ಮಾರಿ ಆ ಕಡಿ ಮಾಡಿ.

"ಹೂಂ, ಗೊತ್ತದ" ಅಂದೆ.
"ಆ ತುದಿ ಹಿಡಿ, ಢೋಲು ಜಾರತದ."